ಪುಟವನ್ನು ತಾನೇ ಸರಿಸುವ ಸಾಧನ: ಯಾರಿಗೆ ಯಾವುದು?

ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿ ಟೊಮೆಟೊ ಹರಾಜು ಮುಗಿದ ಮೇಲೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಹುಡುಗನೊಬ್ಬ ಲ್ಯಾಪ್‌ಟಾಪ್ ತೆರೆದು ಕೂರುತ್ತಾನೆ. 15 ಕೆ.ಜಿ. ಬಾಕ್ಸಿಗೆ ಇಲ್ಲಿ ಎಷ್ಟು ಬಿತ್ತು ಎಂಬುದು ಅವನಿಗೆ ಗೊತ್ತು. ಹೊರರಾಜ್ಯದ ಮಾರುಕಟ್ಟೆಗಳಲ್ಲಿ ಎಷ್ಟಿದೆ ಎಂಬುದನ್ನು ಸಂಜೆಯೊಳಗೆ ಮಾಲೀಕರಿಗೆ ಹೇಳಬೇಕು. ಅವನು ನೋಡುವ ಧಾರಣೆಯ ಪುಟವೋ ಕೆಳಕ್ಕೆ ಸರಿಸಿದಷ್ಟೂ ಬೆಳೆಯುತ್ತ ಹೋಗುತ್ತದೆ. ‘ಮೇಡಂ, ಮೌಸಿನ ಚಕ್ರ ತಿರುಗಿಸಿ ತಿರುಗಿಸಿ ಬೆರಳು ಜೋಮು ಹಿಡಿಯುತ್ತದೆ. ಇದನ್ನು ತಾನಾಗಿಯೇ ಮಾಡುವ ಸಾಫ್ಟ್‌ವೇರ್ ಯಾವುದಿದೆ?’ ಎಂದು ಕೇಳಿದ.

ಅದೇ ವಾರ ಇನ್ನಿಬ್ಬರು ಇದನ್ನೇ ಬೇರೆ ಮಾತಿನಲ್ಲಿ ಕೇಳಿದರು. ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಯುವತಿಯೊಬ್ಬಳು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ತಯಾರಾಗುತ್ತಿದ್ದಾಳೆ. ಕೋಡ್ ಬರೆದು ಬ್ರೌಸರನ್ನು ಓಡಿಸುವ ಸಾಧನಗಳಲ್ಲಿ ಸೆಲೆನಿಯಂ ಕಲಿಯಬೇಕೋ ಪ್ಲೇರೈಟ್ ಕಲಿಯಬೇಕೋ ಎಂಬುದು ಅವಳ ಗೊಂದಲ. ಮುಳಬಾಗಿಲಿನ ಭಜನಾ ಮಂಡಳಿಯ ಹಿರಿಯರೊಬ್ಬರಿಗೆ ಕೀರ್ತನೆಗಳ ಪುಟ ಟಿವಿಯ ಮೇಲೆ ನಿಧಾನವಾಗಿ ತಾನೇ ಮೇಲೇರಬೇಕು. ತಾಳ ಹಾಕುವ ಕೈಗೆ ಮೌಸ್ ಹಿಡಿಯಲು ಬಿಡುವಿಲ್ಲ ಎಂದರು.

ಮೂವರ ಪ್ರಶ್ನೆಯೂ ಒಂದೇ. ಆದರೆ ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರ ಸಮಯ ಖಂಡಿತ ಹಾಳಾಗುತ್ತದೆ. ಅದಕ್ಕಾಗಿಯೇ ಯಾವ ಸಾಧನ ದೊಡ್ಡದು ಎಂಬ ಚರ್ಚೆಯನ್ನು ಬದಿಗಿಟ್ಟು, ಏನನ್ನು ಅಳೆದು ಆಯ್ಕೆ ಮಾಡಬೇಕು ಎಂಬಲ್ಲಿಂದ ಶುರು ಮಾಡುತ್ತೇನೆ.

ಮೊದಲು ಪುಟವನ್ನು ನೋಡಿ

ನನ್ನ ಅನುಭವದಲ್ಲಿ ಎಡವುವವರು ಎಡವುವುದು ಸಾಧನದ ಆಯ್ಕೆಯಲ್ಲಲ್ಲ, ಪುಟದ ಸ್ವಭಾವ ತಿಳಿಯದೆ ಕೈಹಾಕುವುದರಲ್ಲಿ. ಹೊರಗಿನಿಂದ ಎಲ್ಲ ಪುಟಗಳೂ ಒಂದೇ ರೀತಿ ಸರಿದಂತೆ ಕಾಣುತ್ತವೆ. ಒಳಗೆ ನಾಲ್ಕು ಬಗೆಗಳಿವೆ.

ಒಂದು, ಎಲ್ಲ ಮಾಹಿತಿಯೂ ಒಮ್ಮೆಗೇ ಬಂದು ಕುಳಿತಿರುವ ಉದ್ದನೆಯ ಪುಟ. ಇದನ್ನು ಗುರುತಿಸುವುದು ಸುಲಭ. ಪುಟ ತೆರೆದು, ಏನನ್ನೂ ಸರಿಸದೆ, ಕಂಟ್ರೋಲ್ ಮತ್ತು ಎಫ್ ಒತ್ತಿ, ತೀರಾ ಕೆಳಗಿರುವುದೆಂದು ನಿಮಗೆ ಗೊತ್ತಿರುವ ಒಂದು ಪದವನ್ನು ಹುಡುಕಿ. ಸಿಕ್ಕಿತೆಂದರೆ, ಮಾಹಿತಿ ತೆಗೆದುಕೊಳ್ಳುವುದಷ್ಟೇ ನಿಮ್ಮ ಉದ್ದೇಶವಾದರೆ ಸರಿಸುವ ಸಾಧನವೇ ಬೇಡ. ಪುಟವನ್ನು ಹಾಗೆಯೇ ಉಳಿಸಿಕೊಂಡರೆ ಸಾಕು.

ಎರಡನೆಯದು, ಸರಿಸಿದಂತೆಲ್ಲ ಬೆಳೆಯುವ ಪುಟ. ನೀವು ತಳದ ಹತ್ತಿರ ಬಂದಿರೆಂದು ಗೊತ್ತಾದಾಗ ಮಾತ್ರ ಅದು ಸರ್ವರ್‌ನಿಂದ ಮುಂದಿನ ಕಂತನ್ನು ತರಿಸುತ್ತದೆ. ಬಲಗಡೆಯ ಸ್ಕ್ರಾಲ್ ಪಟ್ಟಿಯ ಹಿಡಿ ಚಿಕ್ಕದಾಗುತ್ತ ಹೋಗುವುದು ಇದರ ಗುರುತು. ಇಲ್ಲಿ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಬರೆದುಕೊಟ್ಟ ಆದೇಶಗಳ ಪಟ್ಟಿ, ತಳಕ್ಕೆ ಹೋಗಬೇಕು, ಕಾಯಬೇಕು, ಪುಟದ ಎತ್ತರವನ್ನು ಮತ್ತೆ ಅಳೆಯಬೇಕು, ಬೆಳೆದಿದ್ದರೆ ಮತ್ತೆ ತಳಕ್ಕೆ ಹೋಗಬೇಕು. ಎತ್ತರ ಒಮ್ಮೆ ಬೆಳೆಯಲಿಲ್ಲವೆಂದು ನಿಲ್ಲಿಸಬೇಡಿ. ನಮ್ಮ ಕಡೆಯ ಇಂಟರ್‌ನೆಟ್ ವೇಗದಲ್ಲಿ ಮುಂದಿನ ಕಂತು ತಡವಾಗಿ ಬರಬಹುದು. ಮೂರು ಬಾರಿ ಸತತವಾಗಿ ಬದಲಾಗದಿದ್ದರೆ ಮುಗಿಯಿತೆಂದು ತಿಳಿಯುವುದು ಒಳ್ಳೆಯದು.

ಮೂರನೆಯದರಲ್ಲಿ ಪುಟ ನಿಂತಲ್ಲೇ ಇರುತ್ತದೆ, ಒಳಗಿನ ಒಂದು ಚೌಕ ಮಾತ್ರ ಸರಿಯುತ್ತದೆ. ಚಾಟ್ ಕಿಟಕಿಗಳು, ಕೆಲವು ಕೋಷ್ಟಕಗಳು ಹೀಗಿರುತ್ತವೆ. ಇಡೀ ಪುಟವನ್ನು ಸರಿಸು ಎಂಬ ಆದೇಶಕ್ಕೆ ಇಲ್ಲಿ ಏನೂ ಆಗುವುದಿಲ್ಲ, ತಪ್ಪು ಎಂಬ ಸಂದೇಶವೂ ಬರುವುದಿಲ್ಲ. ಆ ಚೌಕವನ್ನೇ ಹಿಡಿದು ಸರಿಸಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಮೋಸಗೊಳಿಸುವಂಥದ್ದು. ಸಾವಿರಾರು ಸಾಲುಗಳಿರುವ ಪಟ್ಟಿಯಲ್ಲಿ ಬ್ರೌಸರ್ ಭಾರವಾಗದಿರಲೆಂದು ಕಣ್ಣಿಗೆ ಕಾಣುವ ಸಾಲುಗಳನ್ನಷ್ಟೇ ಪುಟದಲ್ಲಿ ಇಟ್ಟುಕೊಂಡು, ಮೇಲೆ ಹೋದವನ್ನು ಅಳಿಸಿಬಿಡುತ್ತಾರೆ. ನಾನು ಒಮ್ಮೆ ಆರುನೂರು ಸಾಲುಗಳ ಪಟ್ಟಿಯೊಂದನ್ನು ತಳದವರೆಗೆ ಸರಿಸಿ, ಕೊನೆಯಲ್ಲಿ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಳ್ಳಲು ಹೋದೆ. ಕೈಗೆ ಬಂದದ್ದು ಕೊನೆಯ ಮೂವತ್ತೇನೋ ಸಾಲುಗಳು. ಇಂಥ ಪುಟದಲ್ಲಿ ಒಂದು ಪರದೆಯಷ್ಟು ಸರಿಸಿ, ಕಂಡದ್ದನ್ನು ಬರೆದುಕೊಂಡು, ಆಮೇಲೆ ಮುಂದೆ ಹೋಗಬೇಕು. ಎರಡು ಬಾರಿ ಬಂದ ಸಾಲುಗಳನ್ನು ನಂತರ ತೆಗೆದುಹಾಕಬಹುದು.

ಉಳಿದ ಅಳತೆಗಳು ಇಷ್ಟು ವಿವರ ಬೇಡುವುದಿಲ್ಲ. ನಿಮಗೆ ಪುಟವನ್ನು ಸುಮ್ಮನೆ ನೋಡಬೇಕೆ, ಅದರಿಂದ ಮಾಹಿತಿ ತೆಗೆಯಬೇಕೆ, ಅಥವಾ ಅದು ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಬೇಕೆ? ನಿಮಗೆ ಯಾವ ಕಂಪ್ಯೂಟರ್ ಭಾಷೆ ಬರುತ್ತದೆ? ಯಂತ್ರದಲ್ಲಿ ಎಷ್ಟು ರ‍್ಯಾಮ್ ಇದೆ? ಇನ್ನೊಂದು ಮಾತನ್ನು ಯಾರೂ ಕೇಳಿಕೊಳ್ಳುವುದಿಲ್ಲ: ಆರು ತಿಂಗಳ ನಂತರ ಜಾಲತಾಣದ ವಿನ್ಯಾಸ ಬದಲಾಗಿ ಸ್ಕ್ರಿಪ್ಟ್ ಕೆಟ್ಟರೆ ಸರಿಪಡಿಸುವವರು ಯಾರು? ಮಂಡಿಯಲ್ಲಿ ಬರೆದುಕೊಟ್ಟವನು ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಆ ಕೋಡನ್ನು ಮುಟ್ಟುವವರೇ ಇಲ್ಲದೆ ನಿಂತುಹೋದದ್ದನ್ನು ನಾನು ನೋಡಿದ್ದೇನೆ.

ಸರಿಸದೆಯೇ ಆಗುವುದಾದರೆ

ಮಾಹಿತಿ ಬೇಕಾದವರು ಸಾಧನ ಹುಡುಕುವ ಮೊದಲು ಎರಡು ಬಾಗಿಲು ತಟ್ಟಬೇಕು.

ಒಂದು, ಅಧಿಕೃತವಾಗಿ ಮಾಹಿತಿ ಕೊಡುವವರು ಇದ್ದಾರೆಯೇ ಎಂದು ನೋಡುವುದು. ದೇಶದ ಮಾರುಕಟ್ಟೆಗಳ ದೈನಂದಿನ ಧಾರಣೆಯನ್ನು ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಪ್ರಕಟಿಸುತ್ತದೆ. ಅದೇ ಮಾಹಿತಿ ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿ ಎಪಿಐ ಮೂಲಕವೂ ಸಿಗುತ್ತದೆ. ಅಂದರೆ ಪುಟವನ್ನೇ ತೆರೆಯದೆ, ಹೆಸರು ನೋಂದಾಯಿಸಿ ಪಡೆದ ಕೀಲಿಯೊಂದನ್ನು ಬಳಸಿ, ಕೋಷ್ಟಕವನ್ನು ನೇರವಾಗಿ ಕೇಳಿ ಪಡೆಯಬಹುದು.

ಇನ್ನೊಂದು, ಬ್ರೌಸರ್‌ನಲ್ಲಿ ಎಫ್ 12 ಒತ್ತಿ ನೆಟ್‌ವರ್ಕ್ ಎಂಬ ವಿಭಾಗವನ್ನು ತೆರೆದಿಟ್ಟು ಪುಟವನ್ನು ಕೈಯಾರೆ ಸರಿಸುವುದು. ಸರಿಸಿದಾಗಲೆಲ್ಲ ಪುಟ ಎಲ್ಲಿಂದ ಏನನ್ನು ತರಿಸಿಕೊಳ್ಳುತ್ತಿದೆ ಎಂಬುದು ಅಲ್ಲಿ ಸಾಲುಸಾಲಾಗಿ ಕಾಣುತ್ತದೆ. ಎಷ್ಟೋ ಬಾರಿ ಅಚ್ಚುಕಟ್ಟಾದ ಪಟ್ಟಿಯೇ ಅಲ್ಲಿ ಬರುತ್ತಿರುತ್ತದೆ. ಅದನ್ನು ಬಳಸಲು ಜಾಲತಾಣದ ನಿಯಮಗಳು ಒಪ್ಪಿದರೆ, ಬ್ರೌಸರ್ ಓಡಿಸುವ ಭಾರವೇ ತಪ್ಪುತ್ತದೆ.

ಈ ಎರಡೂ ಆಗದಿದ್ದಾಗ, ಅಥವಾ ನಿಮ್ಮ ಉದ್ದೇಶವೇ ಬೇರೆಯಾದಾಗ, ಮುಂದೆ ಓದಿ.

ಬ್ರೌಸರ್‌ನ ಒಳಗೇ ಇರುವುದು

ಭಜನಾ ಮಂಡಳಿಯ ಹಿರಿಯರಿಗೆ ಯಾರೋ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಹಾಕಿಸಿಕೊಳ್ಳಿ ಎಂದಿದ್ದರಂತೆ. ಅದು ಬೆಟ್ಟ ಅಗೆದು ಇಲಿ ಹಿಡಿದಂತೆ. ವಿಂಡೋಸ್‌ನಲ್ಲಿ ಕ್ರೋಮ್ ಅಥವಾ ಫೈರ್‌ಫಾಕ್ಸ್ ಇದ್ದರೆ, ಪುಟದ ಖಾಲಿ ಜಾಗದಲ್ಲಿ ಮೌಸಿನ ಚಕ್ರವನ್ನೇ ಗುಂಡಿಯಂತೆ ಒಮ್ಮೆ ಒತ್ತಿ ಬಿಡಿ. ಮೌಸನ್ನು ಕೂದಲೆಳೆಯಷ್ಟು ಕೆಳಕ್ಕೆ ತನ್ನಿ. ಪುಟ ತಾನೇ ಸರಿಯತೊಡಗುತ್ತದೆ. ಎಷ್ಟು ಕೆಳಕ್ಕೆ ತರುತ್ತೀರೋ ಅಷ್ಟು ವೇಗ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಹೊಸದಾಗಿ ಏನನ್ನೂ ಸೇರಿಸಬೇಕಾಗಿಲ್ಲ. ಕೊರತೆಯೆಂದರೆ ವೇಗವನ್ನು ನಿಖರವಾಗಿ ಹಿಡಿದಿಡಲು ಆಗುವುದಿಲ್ಲ.

ನಿಖರತೆ ಬೇಕಾದರೆ ಬ್ರೌಸರ್ ಒಳಗೇ ಓಡುವ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಒಂದೇ ಸಾಲು ಸಾಕು. 50 ಮಿಲಿಸೆಕೆಂಡಿಗೊಮ್ಮೆ 1 ಪಿಕ್ಸೆಲ್ ಸರಿಸು ಎಂದು ಬರೆದರೆ ಸೆಕೆಂಡಿಗೆ 20 ಪಿಕ್ಸೆಲ್ ಆಯಿತು. ಟಿವಿಯಲ್ಲಿ ದೂರದಿಂದ ಓದಲು ಅಕ್ಷರವನ್ನು ಹಿಗ್ಗಿಸಿದಾಗ ಒಂದು ಸಾಲು ಸುಮಾರು 60 ಪಿಕ್ಸೆಲ್ ಎತ್ತರವಿದ್ದರೆ, ಸಾಲಿಗೆ ಮೂರು ಸೆಕೆಂಡು ಸಿಗುತ್ತದೆ. ವಿಳಂಬ ಗತಿಯ ಹಾಡಿಗೆ 50ರ ಜಾಗದಲ್ಲಿ 100 ಬರೆಯಿರಿ. ಈ ಸಾಲನ್ನು ಬುಕ್‌ಮಾರ್ಕ್ ಆಗಿ ಉಳಿಸಿಕೊಂಡರೆ ಮುಂದೆ ಒಂದು ಕ್ಲಿಕ್ಕಿನ ಕೆಲಸ. ನಿಲ್ಲಿಸಲು ಪುಟವನ್ನು ಮತ್ತೆ ಲೋಡ್ ಮಾಡಿದರಾಯಿತು. ಹಿರಿಯರು ಈಗ ಇಂಥ ಎರಡು ಬುಕ್‌ಮಾರ್ಕ್ ಇಟ್ಟುಕೊಂಡಿದ್ದಾರೆ, ಒಂದರ ಹೆಸರು ‘ನಿಧಾನ’, ಇನ್ನೊಂದರದು ‘ಜೋರು’.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಅಪರಿಚಿತರು ಕಳಿಸಿದ ಕೋಡನ್ನು ಬ್ರೌಸರ್‌ನ ಕನ್ಸೋಲ್‌ನಲ್ಲಿ, ಅಂದರೆ ಎಫ್ 12 ಒತ್ತಿದಾಗ ಸಿಗುವ ಆದೇಶ ಬರೆಯುವ ಜಾಗದಲ್ಲಿ, ಅಂಟಿಸಬೇಡಿ. ನೀವು ಲಾಗಿನ್ ಆಗಿರುವ ಖಾತೆಯಲ್ಲಿ ನಿಮ್ಮ ಹೆಸರಿನಲ್ಲೇ ಅದು ಏನು ಬೇಕಾದರೂ ಮಾಡಬಲ್ಲದು. ಮೊದಲ ಬಾರಿ ಅಂಟಿಸುವಾಗ ಬ್ರೌಸರ್ ತಡೆದು ಎಚ್ಚರಿಸುವುದು ಇದೇ ಕಾರಣಕ್ಕೆ.

ಪುಟವನ್ನು ತಾನೇ ಸರಿಸುವ ಎಕ್ಸ್‌ಟೆನ್ಷನ್‌ಗಳೂ, ಅಂದರೆ ಬ್ರೌಸರ್‌ಗೆ ಸೇರಿಸುವ ಪುಟ್ಟ ತಂತ್ರಾಂಶಗಳೂ, ಬೇಕಾದಷ್ಟಿವೆ. ವೇಗದ ಗುಂಡಿ, ನಿಲ್ಲಿಸುವ ಗುಂಡಿ ಇರುವುದರಿಂದ ಬಳಸಲು ಹಿತವಾಗಿರುತ್ತವೆ. ಆದರೆ ಸೇರಿಸುವಾಗ ಬರುವ ಅನುಮತಿಯ ಪೆಟ್ಟಿಗೆಯನ್ನು ಓದಿ. ‘ಎಲ್ಲ ಜಾಲತಾಣಗಳಲ್ಲಿರುವ ನಿಮ್ಮ ಮಾಹಿತಿಯನ್ನು ಓದುವ ಮತ್ತು ಬದಲಿಸುವ’ ಅನುಮತಿ ಕೇಳಿದರೆ, ನಿಮ್ಮ ಬ್ಯಾಂಕಿನ ಪುಟವೂ ಅದರಲ್ಲಿ ಸೇರಿತು. ಬ್ಯಾಂಕ್ ವ್ಯವಹಾರ ಮಾಡುವ ಬ್ರೌಸರ್‌ನಲ್ಲಿ ನಾನಂತೂ ಇಂಥದ್ದನ್ನು ಸೇರಿಸುವುದಿಲ್ಲ. ಬೇಕೇ ಬೇಕೆಂದರೆ ಬೇರೆ ಪ್ರೊಫೈಲ್ ಮಾಡಿಕೊಳ್ಳಿ. ಮೊಬೈಲ್ ಮಾತ್ರ ಇರುವವರಿಗೆ ಒಂದು ದಾರಿ: ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಹಾಕಲು ಬರುವುದಿಲ್ಲ, ಫೈರ್‌ಫಾಕ್ಸ್‌ನಲ್ಲಿ ಬರುತ್ತದೆ.

ಮಾಡಿದ ಕ್ರಿಯೆಗಳನ್ನು ದಾಖಲಿಸಿಕೊಂಡು ಮತ್ತೆ ಮಾಡಿತೋರಿಸುವ ಸೆಲೆನಿಯಂ ಐಡಿಇ ಕೂಡ ಇದೇ ಗುಂಪಿನದು. ಕೋಡ್ ಬಾರದವರಿಗೆ ಹೊಸಿಲು ದಾಟಿಸುವ ಸಾಧನ. ಆದರೂ ಎಕ್ಸ್‌ಟೆನ್ಷನ್‌ಗಳ ಆಯುಷ್ಯ ಬ್ರೌಸರ್‌ನ ಕೈಯಲ್ಲಿರುತ್ತದೆ ಎಂಬುದನ್ನು ಮರೆಯಬೇಡಿ. 2017ರಲ್ಲಿ ಫೈರ್‌ಫಾಕ್ಸ್ 55ನೇ ಆವೃತ್ತಿ ಬಂದಾಗ ಆಗಿನ ಐಡಿಇ ನಿಂತೇಹೋಯಿತು, ಅದನ್ನು ಹೊಸದಾಗಿ ಬರೆಯಬೇಕಾಯಿತು.

ಮೌಸನ್ನೇ ಓಡಿಸುವುದು

ಪೈಥಾನ್‌ನ ಪೈಆಟೋಗುಯಿ, ವಿಂಡೋಸ್‌ನ ಆಟೋಹಾಟ್‌ಕೀ ಬ್ರೌಸರ್‌ನ ಒಳಗೆ ಹೋಗುವುದಿಲ್ಲ. ನಿಮ್ಮ ಕೈ ಮಾಡುವುದನ್ನೇ ಮಾಡುತ್ತವೆ: ಚಕ್ರ ತಿರುಗಿಸುತ್ತವೆ, ಕೀಲಿ ಒತ್ತುತ್ತವೆ. ಯಾವ ಜಾಲತಾಣವಾದರೂ, ಅಷ್ಟೇಕೆ ಪಿಡಿಎಫ್ ಆದರೂ ನಡೆಯುತ್ತದೆ. ಆದರೆ ಅವುಗಳಿಗೆ ಪುಟದಲ್ಲಿ ಏನಿದೆ ಎಂಬುದು ತಿಳಿಯದು. ಮುಂದಿನ ಕಂತು ಬಂತೋ ಇಲ್ಲವೋ ನೋಡದೆ ಸರಿಸುತ್ತಲೇ ಇರುತ್ತವೆ, ಮತ್ತು ಅವು ಓಡುವಷ್ಟು ಹೊತ್ತು ನಿಮ್ಮ ಕಂಪ್ಯೂಟರ್ ನಿಮ್ಮದಲ್ಲ. ಪೈಆಟೋಗುಯಿ ಕೈತಪ್ಪಿದರೆ ಮೌಸನ್ನು ಪರದೆಯ ಮೂಲೆಗೆ ತಳ್ಳಿ, ನಿಲ್ಲುತ್ತದೆ. ಓದಲು, ತೋರಿಸಲು ಸಾಕು. ಮಾಹಿತಿ ಸಂಗ್ರಹಕ್ಕೆ ನಾನು ಸೂಚಿಸುವುದಿಲ್ಲ.

ಸೆಲೆನಿಯಂ, ಪ್ಲೇರೈಟ್, ಪಪೆಟಿಯರ್

ಇನ್ನು ನಿಜವಾದ ಪೈಪೋಟಿಗೆ ಬರೋಣ. ಮೂರೂ ಮುಕ್ತ ತಂತ್ರಾಂಶಗಳು, ಮೂರಕ್ಕೂ ಹಣ ಕೊಡಬೇಕಾಗಿಲ್ಲ. ಖರ್ಚಾಗುವುದು ನಿಮ್ಮ ಸಮಯ.

ಸೆಲೆನಿಯಂ ಹುಟ್ಟಿದ್ದು 2004ರಲ್ಲಿ. ಬ್ರೌಸರ್‌ಗೆ ಆದೇಶ ಕೊಡುವ ಅದರ ವೆಬ್‌ಡ್ರೈವರ್ ವಿಧಾನ 2018ರಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ಅಧಿಕೃತ ಮಾನದಂಡವಾಯಿತು. ಜಾವಾ, ಪೈಥಾನ್, ಸಿ ಶಾರ್ಪ್, ರೂಬಿ, ಜಾವಾಸ್ಕ್ರಿಪ್ಟ್ ಇವುಗಳಲ್ಲಿ ಯಾವುದು ಬಂದರೂ ಕೆಲಸ ನಡೆಯುತ್ತದೆ. ಹಿಂದೆ ಕ್ರೋಮ್ ಹೊಸದಾದಾಗಲೆಲ್ಲ ಅದಕ್ಕೆ ಹೊಂದುವ ಡ್ರೈವರ್ (ಸೆಲೆನಿಯಂನ ಆದೇಶವನ್ನು ಬ್ರೌಸರ್‌ಗೆ ತಲುಪಿಸುವ ತಂತ್ರಾಂಶ) ಹುಡುಕಿ ಹಾಕುವುದೇ ಒಂದು ತಲೆನೋವಾಗಿತ್ತು. 2022ರಲ್ಲಿ ಬಂದ 4.6ನೇ ಆವೃತ್ತಿಯಿಂದ ಸೆಲೆನಿಯಂ ಮ್ಯಾನೇಜರ್ ಆ ಕೆಲಸವನ್ನು ತಾನೇ ಮಾಡುತ್ತದೆ. ಹಳೆಯ ಪಾಠಗಳನ್ನು ನೋಡಿ ಡ್ರೈವರ್ ಇಳಿಸಿಕೊಳ್ಳುತ್ತ ಕುಳಿತಿರುವವರು ಈಗಿನ ಆವೃತ್ತಿಗೆ ಬನ್ನಿ. ಸರಿಸುವುದಕ್ಕೆ ಇದರಲ್ಲಿ ಎರಡು ದಾರಿ: ಜಾವಾಸ್ಕ್ರಿಪ್ಟ್ ಆದೇಶವನ್ನು ಪುಟದೊಳಗೆ ಓಡಿಸುವುದು, ಅಥವಾ 4.2ರಿಂದ ಸೇರಿರುವ ಮೌಸ್ ಚಕ್ರದ ಕ್ರಿಯೆಗಳನ್ನು ಬಳಸುವುದು.

ಇದರ ಕಷ್ಟ ಇರುವುದು ಕಾಯುವುದರಲ್ಲಿ. ಮುಂದಿನ ಕಂತು ಬರುವವರೆಗೆ ಕಾಯಬೇಕೆಂಬುದನ್ನು ನೀವೇ ಬರೆಯಬೇಕು. ಸುಮ್ಮನೆ ಐದು ಸೆಕೆಂಡು ಮಲಗು ಎಂದು ಬರೆದರೆ, ಬೆಂಗಳೂರಿನ ಕಚೇರಿಯಲ್ಲಿ ಓಡಿದ ಸ್ಕ್ರಿಪ್ಟ್ ಶ್ರೀನಿವಾಸಪುರದ ಮನೆಯಲ್ಲಿ ಸೋಲುತ್ತದೆ. ಇಂತಿಂಥ ಅಂಶ ಕಾಣುವವರೆಗೆ ಕಾಯಿ ಎಂದು ಷರತ್ತು ಹಾಕುವುದನ್ನು ಮೊದಲ ದಿನವೇ ಕಲಿಯಿರಿ. ಇನ್ನೊಂದು ಕಿರಿಕಿರಿ: ಪುಟದ ತಲೆಯಲ್ಲಿ ಅಂಟಿಕೊಂಡೇ ಇರುವ ಪಟ್ಟಿ. ಸರಿಸಿ ತಂದ ಗುಂಡಿ ಅದರ ಅಡಿಯಲ್ಲಿ ಸಿಕ್ಕಿಕೊಂಡು, ಕ್ಲಿಕ್ಕಿಗೆ ಪಟ್ಟಿ ಅಡ್ಡಬಂದಿತೆಂಬ ತಪ್ಪಿನ ಸಂದೇಶ ಬರುತ್ತದೆ. ಅಂಥಲ್ಲಿ ಗುಂಡಿಯನ್ನು ಪರದೆಯ ನಡುವಿಗೆ ತರುವಂತೆ ಸರಿಸಬೇಕು.

ಪ್ಲೇರೈಟ್ ಮೈಕ್ರೋಸಾಫ್ಟ್‌ನಿಂದ 2020ರಲ್ಲಿ ಬಂತು. ಪೈಥಾನ್, ಜಾವಾಸ್ಕ್ರಿಪ್ಟ್, ಜಾವಾ, ಡಾಟ್‌ನೆಟ್‌ಗಳಲ್ಲಿ ಬಳಸಬಹುದು. ಕ್ಲಿಕ್ ಮಾಡು ಎಂದರೆ ಸಾಕು, ಆ ಅಂಶ ಬರುವವರೆಗೆ ಕಾಯುತ್ತದೆ, ಅದು ಅಲುಗಾಡದೆ ನಿಂತಿದೆಯೇ ನೋಡುತ್ತದೆ, ಬೇಕಾದರೆ ತಾನೇ ಪುಟ ಸರಿಸಿ ಕಣ್ಣೆದುರಿಗೆ ತರುತ್ತದೆ. ನೀವು ಮಾಡಿದ್ದನ್ನು ನೋಡಿ ಕೋಡ್ ಬರೆದುಕೊಡುವ ಸೌಲಭ್ಯವೂ, ಎಲ್ಲಿ ತಪ್ಪಿತು ಎಂಬುದನ್ನು ಹಂತಹಂತವಾಗಿ ತೋರಿಸುವ ದಾಖಲೆಯೂ ಇದೆ. ಸಫಾರಿಯ ಒಳಗಿರುವ ವೆಬ್‌ಕಿಟ್ ಎಂಜಿನ್ನಿನಲ್ಲೂ ಓಡಿಸಬಹುದಾದ್ದರಿಂದ, ಆಪಲ್ ಯಂತ್ರವಿಲ್ಲದವರು ಕೂಡ ತಮ್ಮ ಪುಟ ಅಲ್ಲಿ ಹೇಗಿರಬಹುದೆಂದು ಒಂದು ಮಟ್ಟಿಗೆ ತಿಳಿಯಬಹುದು.

ಆದರೂ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ ಎಂದುಕೊಳ್ಳಬೇಡಿ. ಅದರ ಮೌಸ್ ಚಕ್ರದ ಆದೇಶ ಚಕ್ರ ತಿರುಗಿಸಿ ಮುಂದಿನ ಸಾಲಿಗೆ ಹೋಗುತ್ತದೆ, ಪುಟ ಸರಿದು ನಿಲ್ಲುವವರೆಗೆ ಕಾಯುವುದಿಲ್ಲ. ಒಳಚೌಕವನ್ನು ಸರಿಸಬೇಕಾದರೆ ಮೊದಲು ಮೌಸನ್ನು ಆ ಚೌಕದ ಮೇಲೆ ತಂದು ನಿಲ್ಲಿಸಬೇಕು. ಇಡೀ ಪುಟದ ಚಿತ್ರ ತೆಗೆಯುವಾಗ, ಸರಿಸಿದ ಮೇಲಷ್ಟೇ ಬರುವ ಫೋಟೋಗಳ ಜಾಗ ಖಾಲಿ ಬೀಳುತ್ತದೆ. ಮೊದಲು ಒಮ್ಮೆ ತಳದವರೆಗೆ ಸರಿಸಿ ಬಂದು ಆಮೇಲೆ ಚಿತ್ರ ತೆಗೆಯಿರಿ. ಮತ್ತೊಂದು ವಿಷಯ ಡೇಟಾ: ಪ್ಲೇರೈಟ್ ತನ್ನದೇ ಬ್ರೌಸರ್‌ಗಳನ್ನು ಇಳಿಸಿಕೊಳ್ಳುತ್ತದೆ, ನೂರಾರು ಎಂಬಿ ಆಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವವರು ಕ್ರೋಮಿಯಂ, ಫೈರ್‌ಫಾಕ್ಸ್, ವೆಬ್‌ಕಿಟ್ ಮೂರನ್ನೂ ಇಳಿಸದೆ ಕ್ರೋಮಿಯಂ ಒಂದನ್ನೇ ಇಳಿಸಿಕೊಳ್ಳಬಹುದು.

ಪಪೆಟಿಯರ್ 2017ರಲ್ಲಿ ಗೂಗಲ್‌ನ ಕ್ರೋಮ್ ತಂಡದಿಂದ ಬಂದದ್ದು. ಜಾವಾಸ್ಕ್ರಿಪ್ಟ್ ಚೆನ್ನಾಗಿ ಬಲ್ಲವರಿಗೆ, ಕ್ರೋಮ್ ಒಂದೇ ಸಾಕೆನ್ನುವವರಿಗೆ ಹಗುರಾದ ಒಳ್ಳೆಯ ಆಯ್ಕೆ. ಅದರ ಪರದೆಯ ಅಳತೆ ಸ್ವಭಾವತಃ 800ಕ್ಕೆ 600 ಇರುತ್ತದೆ. ಅಷ್ಟು ಚಿಕ್ಕ ಪರದೆಗೆ ಕೆಲವು ಜಾಲತಾಣಗಳು ವಿನ್ಯಾಸವನ್ನೇ ಬದಲಿಸುವುದರಿಂದ, ಅಳತೆಯನ್ನು ಮೊದಲೇ ಹೇಳಿಬಿಡಿ. ಸೈಪ್ರೆಸ್ ಎಂಬ ಇನ್ನೊಂದು ಸಾಧನದ ಬಗ್ಗೆಯೂ ಕೇಳುತ್ತಾರೆ. ಅದು ನಿಮ್ಮದೇ ಜಾಲತಾಣವನ್ನು ಪರೀಕ್ಷಿಸಲು ಮಾಡಿದ್ದು, ಬೇರೆಯವರ ಪುಟದಿಂದ ಮಾಹಿತಿ ತೆಗೆಯಲು ಹೊಂದುವುದಿಲ್ಲ.

ಯಂತ್ರದ ಬಗ್ಗೆ ಹೇಳುವುದಾದರೆ, 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ಮೂರೂ ಓಡುತ್ತವೆ, ಆದರೆ ಬೆಳೆಯುತ್ತಲೇ ಹೋಗುವ ಪುಟ ಗಂಟೆಗಟ್ಟಲೆ ತೆರೆದಿದ್ದರೆ ಏದುಸಿರು ಬಿಡುತ್ತದೆ. ಅಲ್ಲಿ ಪರದೆಯಿಲ್ಲದೆ, ಅಂದರೆ ಹೆಡ್‌ಲೆಸ್ ಆಗಿ ಓಡಿಸಿ. 8 ಜಿಬಿ ಇದ್ದರೆ ಚಿಂತೆಯಿಲ್ಲ. ಹೊಸ ಯಂತ್ರಕ್ಕೆ ಹಣ ಹಾಕುವ ಮೊದಲು ಕೆಲಸವನ್ನು ಸಣ್ಣ ಕಂತುಗಳಾಗಿ ಒಡೆದು ನೋಡಿ.

ಕನ್ನಡದ ಪುಟಗಳಲ್ಲಿ ಎದುರಾಗುವುದು

ಇಂಗ್ಲಿಷ್ ಪಾಠಗಳಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಪೈಥಾನ್‌ನಿಂದ ಸಿಎಸ್‌ವಿ ಕಡತ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಕೋಷ್ಟಕ) ಬರೆದು ಎಕ್ಸೆಲ್‌ನಲ್ಲಿ ತೆರೆದರೆ ಊರಿನ ಹೆಸರುಗಳೆಲ್ಲ ಗೀಚಿದ ಗುರುತುಗಳಾಗುತ್ತವೆ. ಕಡತ ಬರೆಯುವಾಗ ಯುಟಿಎಫ್-8 ಬದಲು ಯುಟಿಎಫ್-8-ಸಿಗ್ ಎಂದು ಕೊಟ್ಟರೆ ಚಿಂತಾಮಣಿ ಚಿಂತಾಮಣಿಯಾಗಿಯೇ ಕಾಣುತ್ತದೆ. ಇನ್ನು ಕೆಲವು ಹಳೆಯ ಪುಟಗಳ ಅಕ್ಷರಗಳು ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿ ಇರುವುದೇ ಇಲ್ಲ, ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿರುತ್ತವೆ. ಕಣ್ಣಿಗೆ ಕನ್ನಡ, ತೆಗೆದುಕೊಂಡರೆ ಇಂಗ್ಲಿಷ್ ಅಕ್ಷರಗಳ ರಾಶಿ. ಅದು ಸಾಧನದ ದೋಷವಲ್ಲ. ಮೊದಲು ಒಂದು ಸಾಲನ್ನು ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ, ಕೆಟ್ಟು ಬಂದರೆ ಯೂನಿಕೋಡ್‌ಗೆ ಬದಲಿಸುವ ಹಂತವೊಂದನ್ನು ಸೇರಿಸಿ.

ಕರೆಂಟಿನ ಮಾತನ್ನೂ ಹೇಳಿಬಿಡುತ್ತೇನೆ. ಎಲ್ಲವನ್ನೂ ಸಂಗ್ರಹಿಸಿ ಕೊನೆಗೆ ಒಮ್ಮೆ ಉಳಿಸುವ ಸ್ಕ್ರಿಪ್ಟ್ ಬರೆಯಬೇಡಿ. ಒಂದು ಮಧ್ಯಾಹ್ನ ಕರೆಂಟ್ ಹೋಗಿ, ಬ್ಯಾಟರಿ ಸತ್ತಿದ್ದ ಲ್ಯಾಪ್‌ಟಾಪ್ ಆರಿ, ಎರಡು ಗಂಟೆಯ ಕೆಲಸ ನನ್ನ ಕಣ್ಣೆದುರೇ ಹೋಯಿತು. ಪ್ರತಿ ಕಂತಿಗೂ ಕಡತದ ಬಾಲಕ್ಕೆ ಸೇರಿಸುತ್ತ ಹೋಗಿ.

ಅನುಮತಿ

ಸರಿಸಲು ಬರುತ್ತದೆ ಎಂಬುದು ತೆಗೆದುಕೊಳ್ಳಲು ಹಕ್ಕು ಕೊಡುವುದಿಲ್ಲ. ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆಯಿಂದ ಮಾಹಿತಿಯನ್ನು ಇಳಿಸಿಕೊಳ್ಳುವುದು, ನಕಲಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ನಿನ ವ್ಯಾಪ್ತಿಗೆ ಬರುತ್ತದೆ. ಜನರ ಹೆಸರು, ಫೋನ್ ಸಂಖ್ಯೆಗಳಿದ್ದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಇದೆ. ಜಾಲತಾಣದ ಬಳಕೆಯ ನಿಯಮಗಳನ್ನು ಓದಿ, ಸ್ಕ್ರಿಪ್ಟುಗಳು ಎಲ್ಲಿಗೆ ಬರಬಾರದೆಂದು ಹೇಳುವ ಅದರ ರೋಬೋಟ್ಸ್ ಕಡತ ಬೇಡವೆಂದ ಜಾಗಕ್ಕೆ ಹೋಗಬೇಡಿ. ಅನುಮತಿಯಿದ್ದಾಗಲೂ ಎರಡು ಸರಿಸುವಿಕೆಗಳ ನಡುವೆ ಎರಡು ಮೂರು ಸೆಕೆಂಡು ಬಿಡಿ. ರೈತರೂ ಅದೇ ಪುಟವನ್ನು ಮೊಬೈಲ್‌ನಲ್ಲಿ ನೋಡುತ್ತಿರುತ್ತಾರೆ, ನಿಮ್ಮ ಸ್ಕ್ರಿಪ್ಟಿನ ಅವಸರದಿಂದ ಅವರ ಪುಟ ನಿಧಾನವಾಗಬಾರದು.

ಹಾಗಾದರೆ ಯಾವುದು?

ಬಂಗಾರಪೇಟೆಯ ಯುವತಿಗೆ ನಾನು ಕೇಳಿದ್ದು ಒಂದೇ: ‘ನಿನಗೆ ಜಾವಾ ಬರುತ್ತದೆಯೋ, ಪೈಥಾನ್ ಬರುತ್ತದೆಯೋ?’ ಕಾಲೇಜಿನಲ್ಲಿ ಕಲಿತ ಜಾವಾ ಇದೆ ಎಂದಳು. ವರ್ಷಗಳಿಂದ ನಡೆಯುತ್ತಿರುವ ಪ್ರಾಜೆಕ್ಟುಗಳಲ್ಲಿ ಸೆಲೆನಿಯಂ ಮತ್ತು ಜಾವಾದ ಜೋಡಿ ಬೇರೂರಿದೆ. ಹೊಸದಾಗಿ ಶುರುವಾಗುವ ಕಡೆ ನಾನು ಕಾಣುತ್ತಿರುವುದು ಪ್ಲೇರೈಟ್. ಅವಳು ಅರ್ಜಿ ಹಾಕುತ್ತಿರುವುದು ಹಳೆಯ ದೊಡ್ಡ ಪ್ರಾಜೆಕ್ಟುಗಳಿರುವ ಕಡೆ. ಹಾಗಾಗಿ ಮೊದಲು ಸೆಲೆನಿಯಂ, ಅದರಲ್ಲಿ ಕಾಯುವ ಷರತ್ತುಗಳನ್ನು ಕೈವಶ ಮಾಡಿಕೊಂಡ ಮೇಲೆ ಪ್ಲೇರೈಟ್ ಎಂದೆ. ಸೆಲೆನಿಯಂನಲ್ಲಿ ಕೈಯಾರೆ ಕಾಯುವುದನ್ನು ಬರೆದವರಿಗೆ ಪ್ಲೇರೈಟ್ ಒಳಗೊಳಗೇ ಏನು ಮಾಡುತ್ತಿದೆ ಎಂಬುದು ಅರ್ಥವಾಗುತ್ತದೆ. ತನ್ನ ಸ್ವಂತ ಕೆಲಸಕ್ಕೆ, ಯಾರ ಸಂದರ್ಶನದ ಹಂಗೂ ಇಲ್ಲದೆ ಕಲಿಯುವವರಾದರೆ ನೇರವಾಗಿ ಪೈಥಾನ್ ಮತ್ತು ಪ್ಲೇರೈಟ್‌ಗೆ ಹೋಗಿ ಎಂಬುದು ನನ್ನ ಅಭಿಪ್ರಾಯ.

ಮಂಡಿಯ ಹುಡುಗನಿಗೆ ಬೇಕಿದ್ದ ಧಾರಣೆಯಲ್ಲಿ ಹೆಚ್ಚಿನ ಪಾಲು ಸರ್ಕಾರದ ಎಪಿಐನಲ್ಲೇ ಸಿಕ್ಕಿತು. ಉಳಿದದ್ದು ಒಂದೇ ಪುಟ, ಸರಿಸಿದಷ್ಟೂ ಬೆಳೆಯುವಂಥದ್ದು. ಆ ಜಾಲತಾಣದವರಿಗೆ ಪತ್ರ ಬರೆದು ಒಪ್ಪಿಗೆ ಪಡೆದ. ನಾವಿಬ್ಬರೂ ಕುಳಿತು ನಲವತ್ತು ಸಾಲಿನ ಪ್ಲೇರೈಟ್ ಸ್ಕ್ರಿಪ್ಟ್ ಬರೆದೆವು. ಪ್ರತಿ ಸಾಲಿನ ಮೇಲೂ ಅದು ಏನು ಮಾಡುತ್ತದೆಂದು ಅವನಿಂದಲೇ ಕನ್ನಡದಲ್ಲಿ ಬರೆಸಿದ್ದೇನೆ. ಕಳೆದ ತಿಂಗಳು ಆ ಪುಟದ ವಿನ್ಯಾಸ ಬದಲಾದಾಗ ಅವನು ನನಗೆ ಫೋನ್ ಮಾಡಲಿಲ್ಲ. ಟಿಪ್ಪಣಿ ಓದಿಕೊಂಡು, ಬದಲಾಗಿದ್ದ ಕೋಷ್ಟಕದ ಹೆಸರನ್ನು ತಾನೇ ತಿದ್ದಿ, ಸಂಜೆಯ ಪಟ್ಟಿಯನ್ನು ಮಾಲೀಕರ ಮುಂದಿಟ್ಟ.